ಚಾಕು ಎಲ್ಲಿಂದ ಬಂತು? ಇಂಗ್ಲೆಂಡಿನಲ್ಲಿ ಕನಿಷ್ಠ ಜೈಲು ಅವಧಿಯ ವಿರುದ್ಧ ಮೇಲ್ಮನವಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕೊಲೆ ಸಾಬೀತಾದರೆ ಜೀವಾವಧಿ ಶಿಕ್ಷೆ ಕಟ್ಟಿಟ್ಟ ಬುತ್ತಿ. ನ್ಯಾಯಾಧೀಶರು ನಿಗದಿ ಮಾಡುವುದು ಕನಿಷ್ಠ ಅವಧಿಯನ್ನು. ಅಷ್ಟು ವರ್ಷ ಕಳೆಯುವವರೆಗೆ ಪೆರೋಲ್ ಮಂಡಳಿ ಬಿಡುಗಡೆ ಮಾಡುವಂತಿಲ್ಲ. ಮೇಲ್ಮನವಿಯಲ್ಲಿ ತಗ್ಗಿಸಲು ಸಾಧ್ಯವಿರುವುದು ಈ ಅವಧಿ ಮಾತ್ರ. ಅಲ್ಲಿ ಮಗನೋ ತಮ್ಮನೋ ಜೈಲು ಸೇರಿರುವ ಕುಟುಂಬ ಮೊದಲು ಇದನ್ನು ಅರಿತುಕೊಳ್ಳಬೇಕು.

ಮೊದಲಿಗೆ, ಶಿಕ್ಷೆ ವಿಧಿಸುವಾಗ ನ್ಯಾಯಾಧೀಶರು ಕೊಟ್ಟ ಕಾರಣಗಳನ್ನು ಸಾಲು ಸಾಲಾಗಿ ಓದಿ. 2008ರಲ್ಲಿ ಲಂಡನ್‌ನಲ್ಲಿ 16ರ ಹುಡುಗ ಬೆನ್ ಕಿನ್ಸೆಲ್ಲಾ ಚಾಕು ಇರಿತಕ್ಕೆ ಬಲಿಯಾದ. ಅವನ ಮನೆಯವರ ಹೋರಾಟದ ನಂತರ, 2010ರ ಮಾರ್ಚ್‌ನಿಂದ ನಿಯಮ ಬಿಗಿಯಾಯಿತು. ಆಯುಧವಾಗಿ ಬಳಸಲೆಂದು ಚಾಕುವನ್ನು ಸ್ಥಳಕ್ಕೆ ಒಯ್ದು ಕೊಂದ ವಯಸ್ಕರಿಗೆ ಲೆಕ್ಕ 25 ವರ್ಷದಿಂದ ಶುರುವಾಗುತ್ತದೆ; ಇಂಥ ವಿಶೇಷ ಅಂಶಗಳಿಲ್ಲದ ಕೊಲೆಗಳಲ್ಲಿ 15ರಿಂದ.

ಈ ‘ಒಯ್ದು’ ಎಂಬ ಪದದ ಮೇಲೆ ಹತ್ತು ವರ್ಷ ನಿಂತಿದೆ. ಜಗಳದ ನಡುವೆ ಅಡುಗೆಮನೆಯ ಚಾಕು ಹಿಡಿದು ಅದೇ ಮನೆಯ ಇನ್ನೊಂದು ಕೋಣೆಗೆ ನುಗ್ಗಿದರೆ ಅದು ಸಾಮಾನ್ಯವಾಗಿ ‘ಒಯ್ದಂತೆ’ ಆಗುವುದಿಲ್ಲ ಎಂದು ಮೇಲ್ಮನವಿ ನ್ಯಾಯಾಲಯ 2011ರಲ್ಲಿ ಹೇಳಿದೆ. ಅದೇ ಚಾಕುವಿನೊಂದಿಗೆ ಬೀದಿಗೆ ಇಳಿದರೆ ಮಾತೇ ಬೇರೆ. ಆದ್ದರಿಂದ ಚಾಕು ಯಾವ ಡ್ರಾಯರ್‌ನಲ್ಲಿತ್ತು, ಯಾವ ಬಾಗಿಲು ದಾಟಿತು ಎಂಬುದನ್ನು ಸಾಕ್ಷ್ಯದಲ್ಲಿ ಹುಡುಕಿ.

ಚಾಕುವಿನ ಕಾರಣಕ್ಕೆ 25 ಹಿಡಿದು, ಅದೇ ಕಾರಣಕ್ಕೆ ಮತ್ತೆ ವರ್ಷ ಸೇರಿಸಿದ್ದಾರೆಯೇ? ಕೊಲ್ಲುವ ಉದ್ದೇಶವಿರಲಿಲ್ಲ, ತೀವ್ರವಾಗಿ ಗಾಯಗೊಳಿಸುವುದಷ್ಟೇ ಇತ್ತು ಎಂಬ ಅಂಶ ಗಣನೆಗೆ ಬಂದಿದೆಯೇ? ತಪ್ಪೊಪ್ಪಿಕೊಂಡಿದ್ದರೆ ಆರನೆಯ ಒಂದು ಭಾಗದವರೆಗೆ, 5 ವರ್ಷ ಮೀರದಂತೆ, ಕಡಿತ ಸಿಗಬಹುದು. ‘ಶಿಕ್ಷೆ ಜಾಸ್ತಿಯಾಯಿತು’ ಎಂಬ ಅಳಲಿಗೆ ಅಲ್ಲಿ ಬೆಲೆಯಿಲ್ಲ. ಅವಧಿ ಎದ್ದು ಕಾಣುವಷ್ಟು ವಿಪರೀತ ಅಥವಾ ತತ್ತ್ವದಲ್ಲೇ ತಪ್ಪು ಎಂದು ತೋರಿಸಬೇಕು.

ಗಡುವು ಶಿಕ್ಷೆಯಾದ ಮೇಲೆ 28 ದಿನ. ಬ್ಯಾರಿಸ್ಟರ್ (ವಕೀಲರು) ಬರೆದ ಆಧಾರಗಳೊಂದಿಗೆ, ಮೇಲ್ಮನವಿಗೆ ಅನುಮತಿ ಕೇಳುವ ‘ಎನ್‌ಜಿ’ ನಮೂನೆಯನ್ನು ನೇರವಾಗಿ ಕ್ರಿಮಿನಲ್ ಮೇಲ್ಮನವಿ ಕಚೇರಿಗೆ ಕಳುಹಿಸಬೇಕು. ಒಬ್ಬ ನ್ಯಾಯಾಧೀಶರು ಕಾಗದಪತ್ರ ನೋಡಿ ಅನುಮತಿಯನ್ನು ತೀರ್ಮಾನಿಸುತ್ತಾರೆ. ನಿರಾಕರಿಸಿದರೆ ಪೂರ್ಣ ಪೀಠದ ಮುಂದೆ ಮತ್ತೆ ಕೇಳಬಹುದು. ಅದಕ್ಕೂ ಗಡುವಿದೆ, ತಡ ಮಾಡಬೇಡಿ.

ಕೈದಿಯ ಮೇಲ್ಮನವಿಯಲ್ಲಿ ನ್ಯಾಯಾಲಯ ಶಿಕ್ಷೆಯನ್ನು ಹೆಚ್ಚಿಸುವಂತಿಲ್ಲ. ಆದರೆ ಅವಧಿ ತೀರಾ ಕಡಿಮೆಯಾಯಿತೆಂದು ಸತ್ತವರ ಮನೆಯವರು ಸರ್ಕಾರದ ಮುಖ್ಯ ಕಾನೂನು ಅಧಿಕಾರಿಯಾದ ಅಟಾರ್ನಿ ಜನರಲ್‌ಗೆ ಬರೆಯಬಹುದು. ಆ ದಾರಿಯಲ್ಲಿ ಪ್ರಕರಣ ಮೇಲ್ಮನವಿ ನ್ಯಾಯಾಲಯಕ್ಕೆ ಬಂದರೆ ವರ್ಷಗಳು ಏರಲೂಬಹುದು. ಮಗನನ್ನು ಕಳೆದುಕೊಂಡ ತಾಯಿಗೆ ಆ ಹಕ್ಕು ಇರಲೇಬೇಕು.