ತುಂಗೆಯ ಕಣಿವೆಯನ್ನು ನೋಡುವ ಬಗೆ

ತೀರ್ಥಹಳ್ಳಿಯಿಂದ ಕೂಡ್ಲಿಯವರೆಗೆ ತುಂಗೆಯ ಕಣಿವೆಯನ್ನು ಕಾಣಬಯಸುವವರು ಎರಡು ದಿನ ಇಟ್ಟುಕೊಂಡು, ಹೊಳೆಯ ದಂಡೆಗಿಂತ ಮೊದಲು ಎತ್ತರದ ಜಾಗಕ್ಕೆ ಹೋಗಬೇಕು. ಮಳೆಯ ಅಬ್ಬರ ತಗ್ಗಿ ಗದ್ದೆಗಳು ಇನ್ನೂ ಹಸಿರಾಗಿರುವ ಸೆಪ್ಟೆಂಬರ್ ಕೊನೆಯ ದಿನಗಳು ಇದಕ್ಕೆ ಸೂಕ್ತ. ಆಗುಂಬೆಯ ಕಡೆಗಿರುವ ಕುಂದಾದ್ರಿಯ ನೆತ್ತಿಯಲ್ಲಿ, ಪಾರ್ಶ್ವನಾಥ ಬಸದಿಯ ಬಳಿ ಮಂಜು ಕರಗುವವರೆಗೆ ಕಾದರೆ, ಕಾಡಿನ ನಡುವೆ ಗದ್ದೆಗಳು ಪಟ್ಟಿಪಟ್ಟಿಯಾಗಿ ಹರಿದಿರುವುದು ಕಾಣುತ್ತದೆ. ಹಳ್ಳಗಳು ಹೊಳೆಯತ್ತ ಹುಡುಕಿಕೊಂಡ ದಾರಿಗಳೇ ಆ ಪಟ್ಟಿಗಳು.

ಬೆಟ್ಟ ಇಳಿದ ಮೇಲೆ, ಯಾವುದಾದರೊಂದು ಊರಿನಲ್ಲಿ ಮನೆಯವರ ಅನುಮತಿ ಕೇಳಿಕೊಂಡು, ನೀರು ಹರಿಯುವ ದಿಕ್ಕಿನಲ್ಲೇ ನಡೆಯಿರಿ. ಮೇಲೆ ಕಾನು ಎನ್ನುವ ದಟ್ಟ ಕಾಡು, ಅದರ ಕೆಳಗೆ ತೋಟಕ್ಕೆ ಸೊಪ್ಪು ಒದಗಿಸುವ, ಬೆಟ್ಟವೆಂದೇ ಕರೆಯುವ ಮರಗಳ ಜಾಗ, ಇಳಿಜಾರಿನಲ್ಲಿ ಮಳೆಯನ್ನೇ ನೆಚ್ಚಿದ ಮಕ್ಕಿಗದ್ದೆ, ತಳದಲ್ಲಿ ಬೇಗ ತೇವ ಆರದ ಬೈಲುಗದ್ದೆ, ಬಿಸಿಲು ನೇರವಾಗಿ ಬಡಿಯದ ಕೊರಕಲಿನಲ್ಲಿ ಅಡಿಕೆ ತೋಟ: ಈ ಕ್ರಮ ಒಮ್ಮೆ ಕಣ್ಣಿಗೆ ಹತ್ತಿತೆಂದರೆ ಮುಂದಿನ ಊರುಗಳಲ್ಲಿ ಯಾರನ್ನೂ ಕೇಳಬೇಕಾಗುವುದಿಲ್ಲ. ಊರ ಹೆಸರುಗಳನ್ನೂ ಗಮನಿಸಿ. ಮಂಡಗದ್ದೆಯಲ್ಲಿ ಗದ್ದೆಯೂ ಸಕ್ರೆಬೈಲಿನಲ್ಲಿ ಬೈಲೂ ಉಳಿದುಕೊಂಡಿವೆ. ನಕ್ಷೆಗಿಂತ ಈ ಹೆಸರುಗಳನ್ನೇ ನಾನು ಹೆಚ್ಚು ನಂಬುತ್ತೇನೆ. ರಕ್ತ ಹೀರುವ ಇಂಬಳದ (ಜಿಗಣೆಯ) ಕಾಟ ಇರುವುದರಿಂದ ಸುಣ್ಣವನ್ನೋ ಉಪ್ಪನ್ನೋ ಜೊತೆಗಿಟ್ಟುಕೊಳ್ಳಿ.

ತೀರ್ಥಹಳ್ಳಿಯಲ್ಲಿ ಹೊಳೆ ಬಂಡೆಗಳ ನಡುವೆ ಹರಿಯುತ್ತದೆ. ಎಳ್ಳಮಾವಾಸ್ಯೆಯ ಜಾತ್ರೆಯಲ್ಲಿ ಜನ ಮೀಯುವ ರಾಮತೀರ್ಥ ಇಲ್ಲೇ ಇದೆ. ಆದರೆ ಮಳೆಗಾಲ ಮುಗಿಯುವ ಮೊದಲು ಬಂಡೆಗಳ ಮೇಲೆ ಇಳಿಯಲೇಬಾರದು, ಏಕೆಂದರೆ ಪಾಚಿ ಜಾರುತ್ತದೆ ಮತ್ತು ಘಟ್ಟದಲ್ಲಿ ಸುರಿದ ಮಳೆ ಇಲ್ಲಿ ಬಿಸಿಲಿರುವಾಗಲೂ ನೀರನ್ನು ಏರಿಸಬಲ್ಲದು.

ಅಲ್ಲಿಂದ ಶಿವಮೊಗ್ಗದ ರಸ್ತೆಯಲ್ಲಿ, ನಗರಕ್ಕೆ ಸುಮಾರು 30 ಕಿಲೋಮೀಟರ್ ಇರುವಾಗ ಮಂಡಗದ್ದೆ ಸಿಗುತ್ತದೆ. ಹೊಳೆಯ ನಡುವಿನ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟುತ್ತವೆ. ಸುತ್ತ ತುಂಬಿದ ನೀರೇ ಅವುಗಳ ಮರಿಗಳಿಗೆ ಕಾವಲು. ಸಂಜೆ ಹಕ್ಕಿಗಳು ಗೂಡಿಗೆ ಮರಳುವ ಹೊತ್ತಿಗೆ ಅಲ್ಲಿರುವಂತೆ ಪಯಣವನ್ನು ಹೊಂದಿಸಿಕೊಳ್ಳಿ. ಇಡೀ ದಾರಿಯಲ್ಲಿ ಒಂದೇ ಕಡೆ ನಿಲ್ಲಲು ಬಿಡುವಿದ್ದರೆ ಇಲ್ಲಿಯೇ ನಿಲ್ಲಿ.

ಮರುದಿನ ಬೆಳಗ್ಗೆ ಸಕ್ರೆಬೈಲಿನ ಆನೆ ಬಿಡಾರದಲ್ಲಿ, ಗಾಜನೂರು ಅಣೆಕಟ್ಟೆಯ ಹಿನ್ನೀರಿನಲ್ಲಿ ಆನೆಗಳನ್ನು ಮೀಯಿಸುವುದನ್ನು ನೋಡಬಹುದು. ಗಾಜನೂರು ದಾಟಿದಂತೆ ಕಾಡು ತೆಳುವಾಗಿ ನೆಲ ಬಯಲಾಗುತ್ತದೆ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆಗುಂಬೆಯಿಂದ ಹೊರಟವರಿಗೆ ಮಣ್ಣಿನ ಬಣ್ಣದಲ್ಲೂ ಗಾಳಿಯಲ್ಲೂ ಈ ಬದಲಾವಣೆ ತಿಳಿಯುತ್ತದೆ.

ಶಿವಮೊಗ್ಗದಿಂದ ಸುಮಾರು 15 ಕಿಲೋಮೀಟರ್ ದೂರದ ಕೂಡ್ಲಿಯಲ್ಲಿ ಹೊಯ್ಸಳರ ಕಾಲದ ರಾಮೇಶ್ವರ ಗುಡಿಯನ್ನು ನೋಡಿಕೊಂಡು ಸಂಗಮಕ್ಕೆ ಇಳಿಯಿರಿ. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿ ಬೇರೆಬೇರೆ ಕಣಿವೆ ಹಿಡಿದಿದ್ದ ತುಂಗೆ, ಭದ್ರೆಯರು ಇಲ್ಲಿ ಎದುರುಬದುರಾಗುತ್ತಾರೆ. ಸೋಪಾನದ ಮೇಲೆ ಕುಳಿತೇ ಎರಡೂ ಹೊಳೆಗಳು ಬಂದ ದಿಕ್ಕನ್ನು ಗುರುತಿಸಬಹುದು.