ಕ್ರ್ಯಾಂಕ್ ತಿರುಗ್ತಿಲ್ವಾ? ಟ್ರ್ಯಾಕ್ಟರ್‌ಗೆ ಕಟ್ಟಬೇಡಿ, ಬೋಲ್ಟು ಬಿಚ್ಚಿ

ಎಂಜಿನ್ ಬ್ಲಾಕಿಗೆ ಕ್ರ್ಯಾಂಕ್ ಶಾಫ್ಟನ್ನು ಹಿಡಿದಿಡುವ ಐದು ಮೈನ್ ಕ್ಯಾಪ್ ಕೂರಿಸಿ, ಟಾರ್ಕ್ ರೆಂಚ್ (ಎಷ್ಟು ಬಿಗಿ ಅಂತ ಅಳೆಯುವ ಪಾನ) ‘ಟಕ್’ ಅನ್ನುವವರೆಗೆ ಬಿಗಿ ಮಾಡಿ, ಖುಷಿಯಿಂದ ಕ್ರ್ಯಾಂಕ್ ಹಿಡಿದು ತಿರುಗಿಸಲು ಹೋದರೆ ಅದು ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮುಳಬಾಗಿಲು ಕಡೆಯ ನಮ್ಮ ತೋಟದ ಶೆಡ್ಡಿನಲ್ಲಿ ಆದ ಕಥೆ ಇದು. ನಾಲ್ಕು ಸಿಲಿಂಡರಿನ ಹಳೇ ಡೀಸೆಲ್ ಜೀಪು. ಟೊಮ್ಯಾಟೊ ಕ್ರೇಟು ಹೊತ್ತು ಕೋಲಾರದ ಎಪಿಎಂಸಿಗೆ ಓಡಾಡಿ ಓಡಾಡಿ ಹೊಗೆ ಕಾರುತ್ತಿತ್ತು, ಅದಕ್ಕೇ ಬಿಚ್ಚಿದ್ದೆ. ನೋಡಲು ಬಂದ ಪಕ್ಕದ ತೋಟದ ಮಾವ, ‘ಏನಾಗಲ್ಲ ಬಿಡಪ್ಪಾ, ಎಲ್ಲ ಫಿಟ್ ಮಾಡಿ ಟ್ರ್ಯಾಕ್ಟರ್‌ಗೆ ಕಟ್ಟಿ ಎಳೆದರೆ ತಾನಾಗೇ ಫ್ರೀ ಆಗುತ್ತೆ’ ಅಂದರು.

ಫ್ರೀ ಆಗುತ್ತೆ, ನಿಜ. ಬೇರಿಂಗಿನ, ಅಂದ್ರೆ ಕ್ರ್ಯಾಂಕ್ ಕೂತು ತಿರುಗುವ ಅರ್ಧ ದುಂಡು ಚಿಪ್ಪುಗಳ ಮೇಲಿನ ಮೆತ್ತನೆ ಲೋಹ ಸವೆದು ಫ್ರೀ ಆಗುತ್ತೆ. ಆ ಪುಡಿ ಆಯಿಲ್ ಜೊತೆ ಸುತ್ತಿಕೊಂಡು, ನೀವು ದುಡ್ಡು ಕೊಟ್ಟು ಗ್ರೈಂಡಿಂಗ್ ಮಾಡಿಸಿದ ಕ್ರ್ಯಾಂಕಿನ ಮೇಲೆ ಗೆರೆ ಎಳೆಯುತ್ತೆ. ಪಾನಕ್ಕೆ ಉದ್ದದ ಪೈಪು ಸಿಕ್ಕಿಸಿ ತಿರುಗಿಸುವುದೂ ಇದೇ ಜಾತಿಯ ಕೆಲಸ.

ನಾನು ಫೋನ್ ಮಾಡಿದ್ದು ಕೆಜಿಎಫ್‌ನ ಒಬ್ಬ ಲೇತ್ ಮೇಸ್ತ್ರಿಗೆ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಕೆಲಸ ಕಲಿತವರು, 2001ರಲ್ಲಿ ಗಣಿ ಮುಚ್ಚಿದ ಮೇಲೆ ಸ್ವಂತ ಲೇತ್ ಇಟ್ಟುಕೊಂಡವರು. ಅವರು ಕೇಳಿದ್ದು ಒಂದೇ ಮಾತು: ‘ಯಾವ ಕ್ಯಾಪ್ ಬಿಗಿ ಮಾಡಿದಾಗ ನಿಂತಿತು ತಮ್ಮಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಐದನ್ನೂ ಒಂದೇ ಉಸಿರಿಗೆ ಬಿಗಿ ಮಾಡಿದ್ದೆನಲ್ಲ!

ಎಷ್ಟು ಟೈಟ್ ಅಂದ್ರೆ ಟೈಟ್?

ಬ್ಲಾಕಿನಲ್ಲಿ ಬರೀ ಕ್ರ್ಯಾಂಕ್ ಮಾತ್ರ ಇದ್ದು, ಬೇರಿಂಗಿಗೆ ಆಯಿಲ್ ಹಾಕಿ, ಎಲ್ಲ ಮೈನ್ ಕ್ಯಾಪ್ ಪೂರ್ತಿ ಟಾರ್ಕ್ ಆಗಿದ್ದರೆ, ಫ್ಲೈವೀಲ್ ಕೂರುವ ಕಡೆ ಹಿಡಿದು ಒಂದೇ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಹಿಂದಿನ ಆಯಿಲ್ ಸೀಲ್ ಹಗ್ಗದಂಥದ್ದಾದರೆ ಅದೊಂದೇ ಜಾಸ್ತಿ ಹಿಡಿಯುತ್ತೆ, ಆದ್ದರಿಂದ ಪರೀಕ್ಷೆಯನ್ನು ಸೀಲ್ ಇಲ್ಲದೆ ಮಾಡಿ. ಪಿಸ್ಟನ್ ಹಾಕಿದ ಮೇಲೆ ಹೊಸ ರಿಂಗುಗಳು ಹಿಡಿಯುವುದು ಮಾಮೂಲಿ, ಆಗ ಪಾನ ಬೇಕಾಗುತ್ತೆ. ಅದಕ್ಕೆ ಗಾಬರಿ ಬೇಡ. ಆದರೆ ಹಿಡಿತ ಒಂದೇ ಸಮ ಇರಬೇಕು.

ಹೇಗೆ ಹಿಡಿಯುತ್ತೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಸುತ್ತೆಲ್ಲ ಒಂದೇ ಸಮ ಬಿಗಿ ಇದ್ದರೆ ಬೇರಿಂಗ್ ಸೈಜು, ಕ್ಯಾಪ್, ಕಸ ಈ ಮೂರರಲ್ಲಿ ಒಂದು. ಒಂದು ಸುತ್ತಿನಲ್ಲಿ ಒಂದೇ ಜಾಗದಲ್ಲಿ ಹಿಡಿದು ಬಿಡುತ್ತಿದ್ದರೆ ಕ್ರ್ಯಾಂಕ್ ಬೆಂಡ್ ಆಗಿರಬಹುದು.

ಒಂದೊಂದೇ ಬಿಗಿ ಮಾಡಿ

ಪಿಸ್ಟನ್ ಹಾಕಿದ್ದರೆ ಮೊದಲು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳನ್ನು ಒಂದೊಂದಾಗಿ ಸಡಿಲಿಸಿ, ಪ್ರತಿ ಸಲ ತಿರುಗಿಸಿ ನೋಡಿ. ಯಾವುದಾದರೂ ಒಂದು ಸಡಿಲವಾದ ಕೂಡಲೇ ಕ್ರ್ಯಾಂಕ್ ಬಿಟ್ಟುಕೊಂಡರೆ ಕಳ್ಳ ಅಲ್ಲೇ ಇದ್ದಾನೆ: ಕ್ಯಾಪ್ ಬೇರೆ ರಾಡಿನದಾಗಿರಬಹುದು, ಇಲ್ಲವೇ ಉಲ್ಟಾ ಕೂತಿರಬಹುದು. ಯಾವುದನ್ನು ಬಿಟ್ಟರೂ ಬಿಗಿ ಹೋಗಲಿಲ್ಲ ಅಂದ್ರೆ ರಾಡ್‌ಗಳನ್ನೆಲ್ಲ ಬಿಚ್ಚಿ ಮೈನ್ ಬೇರಿಂಗಿಗೆ ಬನ್ನಿ.

ಮೈನ್ ಕ್ಯಾಪ್ ಎಲ್ಲ ಸಡಿಲಿಸಿ. ನಡುವಿನ ಮೂರನೆಯದರಿಂದ ಶುರು ಮಾಡಿ. ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್‌ಗೆ ಒಂದೇ ಸಲ ಹೋಗದೆ ಮೂರು ಕಂತಿನಲ್ಲಿ ಬಿಗಿ ಮಾಡಿ, ಕಂತಿಗೊಮ್ಮೆ ಕ್ರ್ಯಾಂಕನ್ನು ಒಂದು ಪೂರ್ತಿ ಸುತ್ತು ತಿರುಗಿಸಿ. ಆಮೇಲೆ ಎರಡು, ನಾಲ್ಕು, ಕೊನೆಗೆ ಒಂದು, ಐದು. ಬೇಜಾರಿನ ಕೆಲಸ ಹೌದು, ಆದರೆ ಅರ್ಧ ಗಂಟೆ ಅಷ್ಟೇ.

ನನಗೆ ಮೂರು ಸಲೀಸು. ಎರಡು ಬಿಗಿ ಮಾಡಿದೆ, ಹಿಡಿಯಿತು. ಅದನ್ನು ಸಡಿಲಿಸಿ ನಾಲ್ಕಕ್ಕೆ ಹೋದೆ, ಅದೂ ಹಿಡಿಯಿತು. ಎರಡೂ ಹಿಡಿಯುತ್ತಿವೆ ಅಂದಾಗ ಅನುಮಾನ ಬಂತು. ಕ್ಯಾಪ್‌ಗಳನ್ನು ತೆಗೆದು ವೈರ್ ಬ್ರಷ್ ಹಾಕಿ ಉಜ್ಜಿದರೆ ಮಸಿಯ ಅಡಿಯಲ್ಲಿ ಸಣ್ಣ ಪಂಚ್ ಚುಕ್ಕಿಗಳು ಕಂಡವು. ಎರಡರ ಜಾಗದಲ್ಲಿ ನಾಲ್ಕು ಚುಕ್ಕಿಯದು, ನಾಲ್ಕರ ಜಾಗದಲ್ಲಿ ಎರಡು ಚುಕ್ಕಿಯದು ಕೂತಿತ್ತು! ಡೀಸೆಲ್ ಬುಟ್ಟಿಯಲ್ಲಿ ಎಲ್ಲವನ್ನೂ ಒಟ್ಟಿಗೆ ತೊಳೆದಿದ್ದರ ಫಲ. ಕ್ಯಾಪನ್ನು ಬ್ಲಾಕಿಗೆ ಕೂರಿಸಿ, ಬೋಲ್ಟು ಬಿಗಿದ ಮೇಲೇ ಫ್ಯಾಕ್ಟರಿಯಲ್ಲಿ ಬೇರಿಂಗ್ ಕೂರುವ ತೂತು ಕೊರೆಯುತ್ತಾರೆ. ಹಾಗಾಗಿ ಒಂದರ ಜಾಗಕ್ಕೆ ಇನ್ನೊಂದು ಬರಲ್ಲ, ತನ್ನ ಜಾಗದಲ್ಲೇ ಹಿಂದುಮುಂದಾದರೂ ನಡೆಯಲ್ಲ. ಬೇರಿಂಗ್ ಚಿಪ್ಪಿನ ಕಿವಿ ಕೂರುವ ಕಚ್ಚನ್ನು ನೋಡಿ: ಬಹುಪಾಲು ಎಂಜಿನ್‌ಗಳಲ್ಲಿ ಬ್ಲಾಕಿನ ಕಚ್ಚು, ಕ್ಯಾಪಿನ ಕಚ್ಚು ಎರಡೂ ಒಂದೇ ಪಕ್ಕಕ್ಕೆ ಬರುತ್ತವೆ.

ಒಂದು ದಾರದ ಎಳೆ

ಕ್ಯಾಪ್ ಅದಲು ಬದಲು ಮಾಡಿದ ಮೇಲೆ ಎರಡು, ನಾಲ್ಕು ಸರಿಯಾದವು. ಐದನೆಯದು ಮಾತ್ರ ಸ್ವಲ್ಪ ಹಿಡಿದ ಹಾಗೆ ಅನ್ನಿಸಿತು. ಬಿಚ್ಚಿ ಚಿಪ್ಪನ್ನು ಬೆಳಕಿಗೆ ಹಿಡಿದರೆ ಒಳಮೈ ಮೇಲೆ ಸಾಸಿವೆ ಕಾಳಿನಷ್ಟು ಒಂದು ಜಾಗ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ತಿರುಗಿಸಿ ಬೆನ್ನು ನೋಡಿದೆ. ಸರಿಯಾಗಿ ಅದೇ ಜಾಗದಲ್ಲಿ ಕಾಟನ್ ವೇಸ್ಟಿನ ಒಂದು ಎಳೆ, ಒತ್ತಿ ಒತ್ತಿ ಚಪ್ಪಟೆಯಾಗಿ ಅಂಟಿಕೊಂಡಿತ್ತು.

ಒಂದು ಎಳೆಗೆ ಇಷ್ಟೆಲ್ಲಾನಾ ಅಂತ ಅನ್ನಿಸಬಹುದು. ಲೆಕ್ಕ ಹಾಕಿ: 50 ಮಿ.ಮೀ. ದಪ್ಪದ ಜರ್ನಲ್‌ಗೆ (ಬೇರಿಂಗಿನೊಳಗೆ ತಿರುಗುವ ಕ್ರ್ಯಾಂಕಿನ ಭಾಗ) ಆಯಿಲ್ ನಿಲ್ಲಲು ಬಿಡುವ ಸಂದು ಸುಮಾರು 0.05 ಮಿ.ಮೀ. ನೋಟ್‌ಬುಕ್ಕಿನ ಹಾಳೆಯ ಅರ್ಧ ದಪ್ಪ. ಅದರೊಳಗೆ ಅಥವಾ ಚಿಪ್ಪಿನ ಬೆನ್ನಿಗೆ ದಾರ, ಮರಳು, ಹಳೇ ಗ್ಯಾಸ್ಕೆಟ್ ಚೂರು ಏನು ಬಂದರೂ ಸಂದೇ ಇಲ್ಲ. ಚಿಪ್ಪಿನ ಬೆನ್ನು ಮತ್ತು ಅದು ಕೂರುವ ಜಾಗ ಪೂರ್ತಿ ಒಣಗಿ ಚೊಕ್ಕಟವಾಗಿರಬೇಕು, ಆಯಿಲ್ ಒಳಮೈಗೆ ಮಾತ್ರ. ಒರೆಸಲು ನೂಲು ಬಿಡದ ಹಳೇ ಪಂಚೆ ಬಟ್ಟೆ ವಾಸಿ.

ಚಿಪ್ಪಿನ ಬೆನ್ನ ಮೇಲೆ ಸೈಜ್ ಹೊಡೆದಿರುತ್ತೆ, ಹತ್ತೂ ಚಿಪ್ಪು ಓದಿ. ಎಸ್‌ಟಿಡಿ ಅಂದ್ರೆ ಗ್ರೈಂಡಿಂಗ್ ಆಗದ ಕ್ರ್ಯಾಂಕಿಗೆ. 0.25, 0.50 ಅಂತ ಇದ್ದರೆ ಅಷ್ಟು ಮಿ.ಮೀ. ಸಣ್ಣಗೆ ಗ್ರೈಂಡ್ ಆದ ಕ್ರ್ಯಾಂಕಿಗೆ. 0.25ರ ಕ್ರ್ಯಾಂಕಿಗೆ 0.50ರ ಚಿಪ್ಪು ಬಂದರೆ ಜಾಮ್. ಡಬ್ಬದ ಮೇಲೆ ಬರೆದದ್ದನ್ನು ನಂಬಬೇಡಿ, ಒಳಗೆ ಬೇರೇನೇ ಇರಬಹುದು. ಇನ್ನೊಂದು ವಿಷಯ, ಆಯಿಲ್ ತೂತಿರುವ ಚಿಪ್ಪು ಬ್ಲಾಕಿನ ಕಡೆಗೇ ಹೋಗಬೇಕು, ಅದರ ತೂತು ಬ್ಲಾಕಿನ ತೂತಿಗೆ ಸರಿಯಾಗಿ ಕೂಡಬೇಕು. ಇದು ತಪ್ಪಿದರೆ ಕ್ರ್ಯಾಂಕ್ ಬೆಣ್ಣೆಯ ಹಾಗೆ ತಿರುಗುತ್ತೆ. ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ ಹಿಡಿದುಕೊಳ್ಳುತ್ತೆ.

ಸಂದು ಅಳೆಯಲು ಪ್ಲಾಸ್ಟಿಗೇಜ್ ಅನ್ನುವ ಮೇಣದಂಥ ದಾರ ಸಿಗುತ್ತೆ. ಹಸಿರು ಬಣ್ಣದ್ದು 0.025ರಿಂದ 0.076 ಮಿ.ಮೀ. ವರೆಗೆ ತೋರಿಸುತ್ತೆ. ಆಯಿಲ್ ಒರೆಸಿ, ಜರ್ನಲ್ ಮೇಲೆ ಉದ್ದಕ್ಕೆ ಒಂದು ತುಂಡು ಇಟ್ಟು, ಕ್ಯಾಪ್ ಟಾರ್ಕ್ ಮಾಡಿ ಬಿಚ್ಚಿ. ಮಧ್ಯೆ ಕ್ರ್ಯಾಂಕನ್ನು ಮಾತ್ರ ತಿರುಗಿಸಬೇಡಿ. ಚಪ್ಪಟೆಯಾದ ದಾರದ ಅಗಲವನ್ನು ಕವರಿನ ಮೇಲಿನ ಪಟ್ಟಿಗೆ ಹೋಲಿಸಿ. ಅಗಲ ಜಾಸ್ತಿ ಇದ್ದಷ್ಟೂ ಸಂದು ಕಮ್ಮಿ.

ಆಮೇಲೆ ಥ್ರಸ್ಟ್ ವಾಷರ್. ಕ್ರ್ಯಾಂಕ್ ಹಿಂದೆ ಮುಂದೆ ಜಾರದ ಹಾಗೆ ತಡೆಯುವುದು ಇದೇ. ಆಯಿಲ್ ಗೆರೆ ಕೊರೆದ ಮುಖ ಕ್ರ್ಯಾಂಕಿನ ಕಡೆಗೆ ಇರಬೇಕು, ಉಲ್ಟಾ ಹಾಕುವವರು ಬೇಕಾದಷ್ಟು ಜನ. ಆ ಕ್ಯಾಪನ್ನು ಪೂರ್ತಿ ಬಿಗಿ ಮಾಡುವ ಮುಂಚೆ ಸ್ಕ್ರೂಡ್ರೈವರಿನಿಂದ ಮೀಟಿ ಕ್ರ್ಯಾಂಕನ್ನು ಒಮ್ಮೆ ಹಿಂದಕ್ಕೆ, ಒಮ್ಮೆ ಮುಂದಕ್ಕೆ ತಳ್ಳಿ. ಅರ್ಧರ್ಧ ವಾಷರ್‌ಗಳು ಒಂದೇ ಸಮಕ್ಕೆ ಬರುತ್ತವೆ. ಕೊನೆಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು ಆಟ ಇದೆಯಾ ನೋಡಿ.

ಮನೆಯಲ್ಲಿ ಆಗದ ಕೆಲಸ

ಚಿಪ್ಪಿನ ಅಂಚಿನ ಉದ್ದಕ್ಕೂ ಸಣ್ಣ ಹೊಳೆಯುವ ಗೆರೆ ಬಿದ್ದಿದ್ದರೆ, ಗ್ರೈಂಡಿಂಗ್ ಮಾಡಿದವರು ಜರ್ನಲ್ ಮೂಲೆಯ ದುಂಡನ್ನು ದೊಡ್ಡದಾಗಿ ಬಿಟ್ಟಿದ್ದಾರೆ, ಅದು ಅಂಚಿಗೆ ಉಜ್ಜುತ್ತಿದೆ ಅಂತ ಅರ್ಥ. ವಾಪಸ್ ಅವರ ಹತ್ತಿರವೇ ಒಯ್ದು ತೋರಿಸಿ. ಬೆಂಡ್ ಅನುಮಾನ ಇದ್ದರೆ ವಿ ಬ್ಲಾಕಿನ ಮೇಲೆ ಇಟ್ಟು ಡಯಲ್ ಗೇಜ್ ಹಾಕಿಸಿ, ಎಷ್ಟು ಸೊಟ್ಟ ಇದೆ ಅಂತ ಗೊತ್ತಾಗುತ್ತೆ. ಎಂಜಿನ್ ಒಮ್ಮೆ ನೀರಿಲ್ಲದೆ ಕಾದು ನಿಂತದ್ದಾದರೆ ಬ್ಲಾಕೇ ಸೊಟ್ಟಗಾಗಿರಬಹುದು, ಅದಕ್ಕೆ ಲೈನ್ ಬೋರಿಂಗ್, ಅಂದ್ರೆ ಬೇರಿಂಗ್ ಕೂರುವ ತೂತುಗಳನ್ನೆಲ್ಲ ಒಂದೇ ಸಾಲಿಗೆ ಮತ್ತೆ ಕೊರೆಯುವುದು, ಬೇಕು. ಕ್ಯಾಪಿಗೆ ಅರ ಹಾಕುವುದು, ಚಿಪ್ಪಿಗೆ ಎಮರಿ ಪೇಪರ್ ಉಜ್ಜುವುದು ಬೇಡವೇ ಬೇಡ.

ಎಲ್ಲ ಸಲೀಸಾದ ಮೇಲೆ ಪಿಸ್ಟನ್‌ಗಳನ್ನೂ ಹೀಗೇ ಒಂದು ಹಾಕಿ, ಟಾರ್ಕ್ ಮಾಡಿ, ತಿರುಗಿಸಿ ನೋಡಿ, ಆಮೇಲೆ ಇನ್ನೊಂದು. ಮೊದಲ ಸ್ಟಾರ್ಟಿಗೆ ಮುಂಚೆ ಡೀಸೆಲ್ ಕಟ್ ಮಾಡಿಟ್ಟು, ಸ್ಟಾರ್ಟರಿನಲ್ಲಿ ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ಬಿಟ್ಟು ತಿರುಗಿಸಿ. ಆಯಿಲ್ ಪ್ರೆಶರ್ ಮುಳ್ಳು ಎದ್ದ ಮೇಲೆ ಡೀಸೆಲ್ ಬಿಡಿ.