ಅಮೆರಿಕನ್ ಸಂಗಾತಿಯ ಮೂಲಕ ಗ್ರೀನ್ ಕಾರ್ಡ್: ಕರ್ನಾಟಕದ ದಾಖಲೆಗಳಿಂದ ಶುರುಮಾಡಿ

ಅಮೆರಿಕದ ಪೌರರನ್ನು ಮದುವೆಯಾದ ಮಾತ್ರಕ್ಕೆ ಗ್ರೀನ್ ಕಾರ್ಡ್ ತಾನಾಗಿ ಕೈಸೇರುವುದಿಲ್ಲ. ಮದುವೆ ಕಾನೂನುಬದ್ಧವಾಗಿದೆ, ಅದು ವೀಸಾಕ್ಕಾಗಿ ಹೂಡಿದ ನಾಟಕವಲ್ಲ, ಬರುವವರನ್ನು ನೋಡಿಕೊಳ್ಳುವಷ್ಟು ಆದಾಯವಿದೆ ಎಂಬ ಮೂರು ಸಂಗತಿಗಳನ್ನು ಕಾಗದದ ಮೇಲೆ ತೋರಿಸಬೇಕಾಗುತ್ತದೆ. ಅರ್ಜಿ ನಮೂನೆಗಳ ಉದ್ದ ನೋಡಿ ಗಾಬರಿಯಾಗುವವರೇ ಹೆಚ್ಚು. ಆದರೆ ನಮ್ಮ ಕಡೆಯವರ ಕಡತಗಳು ಸಿಕ್ಕಿಬೀಳುವುದು ಬಹುಮಟ್ಟಿಗೆ ಊರಿನ ದಾಖಲೆಗಳಲ್ಲಿ. ಆದ್ದರಿಂದ ಅಮೆರಿಕದ ನಮೂನೆಗಳಿಗೆ ಕೈಹಚ್ಚುವ ಮೊದಲು ಇಲ್ಲಿಯ ದಾಖಲೆಗಳನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲನೆಯದು ಹೆಸರು. ಮನೆತನದ ಹೆಸರಿಲ್ಲದೆ ಇನಿಷಿಯಲ್‌ಗಳಲ್ಲೇ ನಡೆದುಬಂದವರು ಕರ್ನಾಟಕದಲ್ಲಿ ಬಹಳ. ಎಸ್ಎಸ್ಎಲ್‌ಸಿ ಅಂಕಪಟ್ಟಿಯಲ್ಲಿ ‘ಸುಮಾ ಕೆ. ಆರ್.’ ಎಂದಿರುವವಳು ಪಾಸ್‌ಪೋರ್ಟಿನಲ್ಲಿ ‘ಸುಮಾ ಕೋಡಿಹಳ್ಳಿ ರಂಗಪ್ಪ’ ಆಗಿರುತ್ತಾಳೆ, ಮದುವೆ ನೋಂದಣಿಯಲ್ಲಿ ‘ಸುಮಾ ರಂಗಪ್ಪ’ ಆಗಿರುತ್ತಾಳೆ, ಜನನ ನೋಂದಣಿಯಲ್ಲಿ ಹೆಸರೇ ಇಲ್ಲದೆ ಬರೀ ‘ಹೆಣ್ಣು’ ಎಂದಷ್ಟೇ ಇರುತ್ತದೆ. ಕಡತ ನೋಡುವ ಅಧಿಕಾರಿಗೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳಂತೆ ಕಂಡರೆ ಆಶ್ಚರ್ಯವಿಲ್ಲ. ಪಾಸ್‌ಪೋರ್ಟಿನ ಹೆಸರನ್ನು ಆಧಾರವಾಗಿಟ್ಟುಕೊಂಡು, ಉಳಿದ ರೂಪಗಳನ್ನೆಲ್ಲ ಅರ್ಜಿಯಲ್ಲಿ ಇತರ ಹೆಸರುಗಳಿಗಾಗಿ ಇರುವ ಕಾಲಂನಲ್ಲಿ ಬರೆದು, ಎಲ್ಲವೂ ಒಬ್ಬರದೇ ಎಂಬ ಅಫಿಡವಿಟ್ ಜೊತೆಗಿಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದರೆ, ಅಮೆರಿಕದ ವೀಸಾದಲ್ಲಿ ಅದು ಸರ್‌ನೇಮ್ ಜಾಗಕ್ಕೆ ಹೋಗಿ ಮೊದಲ ಹೆಸರಿನ ಜಾಗದಲ್ಲಿ ‘ಎಫ್ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ ಎಂಬುದರ ಇಂಗ್ಲಿಷ್ ಕಿರುರೂಪ) ಎಂದು ಅಚ್ಚಾಗುತ್ತದೆ. ಆಮೇಲೆ ಡ್ರೈವಿಂಗ್ ಲೈಸೆನ್ಸಿನಿಂದ ಬ್ಯಾಂಕ್ ಖಾತೆಯವರೆಗೆ ಅದು ಬೆನ್ನು ಬಿಡುವುದಿಲ್ಲ. ಅರ್ಜಿ ಸಲ್ಲಿಸುವ ಮೊದಲೇ ಪಾಸ್‌ಪೋರ್ಟ್ ರೀಇಶ್ಯೂ ಮಾಡಿಸಿ ಹೆಸರನ್ನು ಎರಡು ಭಾಗ ಮಾಡಿಕೊಳ್ಳುವುದು ಜಾಣತನ. ಗಂಡನ ಹೆಸರು ಸೇರಿಸಿಕೊಳ್ಳಲೇಬೇಕೆಂಬ ನಿಯಮವಂತೂ ಇಲ್ಲ, ಹಿರಿಯರು ಏನೇ ಹೇಳಲಿ.

ಜನನ ಪ್ರಮಾಣಪತ್ರದಲ್ಲಿ ಹೆಸರಿಲ್ಲದಿದ್ದರೆ ನೋಂದಣಿ ಮಾಡಿದ ಕಚೇರಿಯಲ್ಲಿಯೇ ಹೆಸರು ಸೇರಿಸಿಕೊಳ್ಳಬಹುದು. ನೋಂದಣಿಯೇ ಆಗಿರದಿದ್ದರೆ ಅದೇ ಕಚೇರಿಯಿಂದ ಅಲಭ್ಯತಾ ಪ್ರಮಾಣಪತ್ರ ಪಡೆದು, ಶಾಲೆಯ ವರ್ಗಾವಣೆ ಪತ್ರ ಅಥವಾ ಎಸ್ಎಸ್ಎಲ್‌ಸಿ ಅಂಕಪಟ್ಟಿಯನ್ನೂ, ಹುಟ್ಟಿದ್ದನ್ನು ಬಲ್ಲ ತಂದೆ ತಾಯಿಯ ಅಥವಾ ಹತ್ತಿರದ ಬಂಧುಗಳ ಅಫಿಡವಿಟ್‌ಗಳನ್ನೂ ಸೇರಿಸಿ ಸಲ್ಲಿಸಬೇಕು.

ಮದುವೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ಪ್ರಮಾಣಪತ್ರ ಬೇಕು. ಕಲ್ಯಾಣ ಮಂಟಪದ ರಸೀದಿಯಾಗಲಿ ದೇವಸ್ಥಾನದ ಚೀಟಿಯಾಗಲಿ ಅದಕ್ಕೆ ಬದಲಾಗುವುದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಂದಾಯಿಸುವುದಾದರೆ 30 ದಿನಗಳ ನೋಟಿಸ್ ಅವಧಿ ಇರುವುದರಿಂದ, ಎರಡು ವಾರದ ರಜೆಯಲ್ಲಿ ಬಂದು ಧಾರೆ ಮುಗಿಸಿ ಹೊರಡುವ ವರನಿಗೆ ಅದು ಹೊಂದುವುದಿಲ್ಲ. ವಿದೇಶಿ ಪೌರರಿರುವ ಮದುವೆಯನ್ನು ಯಾವ ಕಾಯ್ದೆಯಡಿ ನೋಂದಾಯಿಸಬೇಕೆಂದು ವಿಮಾನದ ಟಿಕೆಟ್ ತೆಗೆಯುವ ಮೊದಲೇ ಕಚೇರಿಯಲ್ಲಿ ವಿಚಾರಿಸಿ. ಇಬ್ಬರಲ್ಲಿ ಯಾರಿಗಾದರೂ ಹಿಂದೆ ಮದುವೆಯಾಗಿದ್ದರೆ ವಿಚ್ಛೇದನದ ಡಿಕ್ರಿ ಅಥವಾ ಮರಣ ಪ್ರಮಾಣಪತ್ರ ಕಡ್ಡಾಯ.

ಕನ್ನಡದಲ್ಲಿರುವ ಪ್ರತಿಯೊಂದು ದಾಖಲೆಯ ಜೊತೆಗೂ ಅದರ ಪೂರ್ಣ ಇಂಗ್ಲಿಷ್ ಅನುವಾದವಿರಬೇಕು. ಮೊಹರು, ಅಂಚಿನ ಟಿಪ್ಪಣಿ ಎಲ್ಲವೂ ಅನುವಾದದಲ್ಲಿ ಬರಬೇಕು. ಅನುವಾದ ಪೂರ್ಣವೂ ನಿಖರವೂ ಆಗಿದೆ, ಎರಡೂ ಭಾಷೆ ತನಗೆ ಚೆನ್ನಾಗಿ ಗೊತ್ತು ಎಂದು ಅನುವಾದಕರು ಹೆಸರು, ಸಹಿ, ವಿಳಾಸ, ದಿನಾಂಕದೊಡನೆ ದೃಢೀಕರಿಸಬೇಕು.

ಇಷ್ಟಾದ ಮೇಲೆ ಐ-130, ಅಂದರೆ ಸಂಬಂಧವನ್ನು ಮಾನ್ಯ ಮಾಡಿಸುವ ಅರ್ಜಿ. ಇದನ್ನು ಸಲ್ಲಿಸುವವರು ಅಮೆರಿಕದ ಸಂಗಾತಿ. ಜೊತೆಗೆ ಗಂಡ ಅಥವಾ ಹೆಂಡತಿಯ ವಿವರಗಳಿರುವ ಐ-130ಎ ಇರುತ್ತದೆ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದರಪಟ್ಟಿಯಂತೆ ಆನ್‌ಲೈನ್ ಶುಲ್ಕ 625 ಡಾಲರ್, ಕಾಗದದಲ್ಲಿ ಸಲ್ಲಿಸಿದರೆ 675 ಡಾಲರ್; ಪಾವತಿಸುವ ದಿನ ಅಮೆರಿಕದ ವಲಸೆ ಇಲಾಖೆಯಾದ ಯುಎಸ್‌ಸಿಐಎಸ್‌ನ ಜಾಲತಾಣದಲ್ಲಿ ಮತ್ತೊಮ್ಮೆ ನೋಡಿಕೊಳ್ಳಿ. ಅರ್ಜಿದಾರರು ಪೌರರಾಗಿದ್ದರೆ ಸಂಗಾತಿಗೆ ವಾರ್ಷಿಕ ಮಿತಿಯಿಲ್ಲ, ಸರದಿಯೂ ಇಲ್ಲ. ಅವರು ಕೇವಲ ಗ್ರೀನ್ ಕಾರ್ಡ್ ಹೊಂದಿದವರಾದರೆ ಎಫ್2ಎ ಎಂಬ ವರ್ಗದಲ್ಲಿ, ಸರದಿ ಎಲ್ಲಿಗೆ ಬಂದಿದೆಯೆಂದು ತಿಳಿಸುವ ಪ್ರತಿ ತಿಂಗಳ ವೀಸಾ ಬುಲೆಟಿನ್ ನೋಡುತ್ತಾ ಕಾಯಬೇಕು.

ಮದುವೆ ನಿಜವಾದದ್ದೆಂದು ತೋರಿಸುವುದು ಇಲ್ಲಿಯ ಮುಖ್ಯ ಕೆಲಸ. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ವಿಮೆಯ ನಾಮಿನಿ ಮುಂತಾದ ಪುರಾವೆಗಳನ್ನು ಎಲ್ಲರೂ ಹೇಳುತ್ತಾರೆ. ಆದರೆ ಹಿರಿಯರು ನಿಶ್ಚಯಿಸಿದ ಮದುವೆಯಾಗಿ ಒಬ್ಬರು ಹಾಸನದಲ್ಲಿ, ಇನ್ನೊಬ್ಬರು ಡಲ್ಲಾಸ್‌ನಲ್ಲಿ ಇರುವಾಗ ಇವು ಯಾವುವೂ ಇರುವುದಿಲ್ಲ. ಅಂಥವರು ಸಂಬಂಧ ಕೂಡಿಬಂದ ಬಗೆಯನ್ನೇ ಕ್ರಮವಾಗಿ ದಾಖಲಿಸಬೇಕು: ಸಂಬಂಧ ತಂದವರು ಯಾರು, ಮೊದಲು ಮಾತಾಡಿದ್ದು ಯಾವಾಗ, ಹುಡುಗಿ ನೋಡುವ ಶಾಸ್ತ್ರ ಎಲ್ಲಿ ನಡೆಯಿತು, ನಿಶ್ಚಿತಾರ್ಥ ಎಂದು ಆಯಿತು. ಲಗ್ನಪತ್ರಿಕೆ, ಮಂಟಪದ ಬಿಲ್ಲು, ಎರಡೂ ಕಡೆಯ ಹಿರಿಯರಿರುವ ಫೋಟೋಗಳು, ಮದುವೆಯ ನಂತರದ ಕರೆ ಮತ್ತು ಸಂದೇಶಗಳು, ಮತ್ತೆ ಭೇಟಿಯಾಗಲು ಬಂದ ವಿಮಾನದ ಬೋರ್ಡಿಂಗ್ ಪಾಸ್ ಇವೆಲ್ಲ ನಡೆಯುತ್ತವೆ. ಆಲ್ಬಮ್ಮನ್ನೇ ಇಡಿಯಾಗಿ ಕಳಿಸಬೇಡಿ. ದಿನಾಂಕ, ಸ್ಥಳ, ಫೋಟೋದಲ್ಲಿ ಇರುವವರ ನಂಟು ಬರೆದ ಇಪ್ಪತ್ತು ಫೋಟೋಗಳು ಬರಹವಿಲ್ಲದ ಇನ್ನೂರಕ್ಕಿಂತ ಮೇಲು. ಮದುವೆಗೆ ಮುಂಚೆ ಹೆಚ್ಚು ಒಡನಾಟವಿರಲಿಲ್ಲ ಎನ್ನುವುದನ್ನು ಮುಚ್ಚಿಟ್ಟು ಪ್ರೇಮಕಥೆ ಹೆಣೆಯುವುದು ಅಪಾಯ, ಏಕೆಂದರೆ ಸಂದರ್ಶನದಲ್ಲಿ ಕೇಳುವುದು ಇಂಥ ಸಣ್ಣ ಸಂಗತಿಗಳನ್ನೇ, ಉತ್ತರಗಳನ್ನು ಹೋಲಿಸುವುದು ಅರ್ಜಿಯಲ್ಲಿ ಬರೆದದ್ದರ ಜೊತೆಗೆ.

ಐ-864 ಎಂಬ ಆರ್ಥಿಕ ಬೆಂಬಲದ ಮುಚ್ಚಳಿಕೆಯಲ್ಲಿ ಅರ್ಜಿದಾರರ ಆದಾಯ, ಕುಟುಂಬದ ಗಾತ್ರಕ್ಕೆ ತಕ್ಕ ಫೆಡರಲ್ ಬಡತನ ಮಾರ್ಗಸೂಚಿಯ ಕನಿಷ್ಠ ಶೇ. 125ರಷ್ಟಿರಬೇಕು. ಸಾಲದಿದ್ದರೆ ಅಮೆರಿಕದಲ್ಲಿ ನೆಲೆಸಿರುವ, ಪೌರತ್ವ ಅಥವಾ ಗ್ರೀನ್ ಕಾರ್ಡ್ ಇರುವ ಬೇರೊಬ್ಬರು ಜಂಟಿ ಪ್ರಾಯೋಜಕರಾಗಬಹುದು. ಸಹಿ ಹಾಕುವ ಮುಂಚೆ ಅವರಿಗೆ ಒಂದು ಮಾತು ಸ್ಪಷ್ಟವಾಗಿ ಹೇಳಿ: ದಂಪತಿ ವಿಚ್ಛೇದನ ಪಡೆದರೂ ಈ ಹೊಣೆ ತೀರುವುದಿಲ್ಲ. ಬಂದವರು ಪೌರರಾಗುವವರೆಗೆ, ಇಲ್ಲವೇ ಅವರ ಲೆಕ್ಕಕ್ಕೆ 40 ತ್ರೈಮಾಸಿಕಗಳ ದುಡಿಮೆ ಸಲ್ಲುವವರೆಗೆ, ಇಲ್ಲವೇ ಅವರು ಗ್ರೀನ್ ಕಾರ್ಡ್ ಬಿಟ್ಟು ದೇಶದಿಂದ ಹೊರಟುಹೋಗುವವರೆಗೆ ಅದು ಮುಂದುವರಿಯುತ್ತದೆ. ಅಮೆರಿಕದ ಪೌರತ್ವ ಪಡೆದು ಬೆಂಗಳೂರಿಗೆ ಮರಳಿ ಬಂದು ನೆಲೆಸಿದವರಿಗೆ ಇನ್ನೊಂದು ತೊಡಕಿದೆ. ಸಂಗಾತಿಯ ಜೊತೆಗೇ ಅಥವಾ ಅದಕ್ಕೂ ಮುಂಚೆ ತಾವು ಅಲ್ಲಿ ಮತ್ತೆ ನೆಲೆಸುತ್ತಿರುವುದನ್ನು ಅವರು ಮನೆ ಬಾಡಿಗೆ, ಉದ್ಯೋಗ, ಮಕ್ಕಳ ಶಾಲೆಯಂಥ ದಾಖಲೆಗಳಿಂದ ತೋರಿಸಬೇಕಾಗುತ್ತದೆ. ಇಲ್ಲಿದ್ದಾಗಲೂ ಅಲ್ಲಿಯ ಆದಾಯ ತೆರಿಗೆ ವಿವರ ಸಲ್ಲಿಸಿರಬೇಕು.

ಐ-130 ಮಂಜೂರಾದ ಮೇಲೆ ಕಡತ ಸಂದರ್ಶನಕ್ಕೆ ಮೊದಲು ದಾಖಲೆಗಳನ್ನು ಕಲೆಹಾಕುವ ನ್ಯಾಷನಲ್ ವೀಸಾ ಸೆಂಟರ್‌ಗೆ ಹೋಗುತ್ತದೆ. ಅಲ್ಲಿ ಶುಲ್ಕ ಕಟ್ಟಿ, ಡಿಎಸ್-260 ಎಂಬ ವೀಸಾ ಅರ್ಜಿ ತುಂಬಿ, ದಾಖಲೆಗಳನ್ನು ಸ್ಕ್ಯಾನ್ ಮಾಡಿ ಏರಿಸಬೇಕು. ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಕಚೇರಿಯದೇ ಆಗಬೇಕು, ಠಾಣೆಯ ಪತ್ರ ನಡೆಯುವುದಿಲ್ಲ. ಭಾರತದವರ ಇಮಿಗ್ರಂಟ್ ವೀಸಾ ಸಂದರ್ಶನಗಳು ಹೆಚ್ಚಾಗಿ ನಡೆಯುವುದು ಮುಂಬೈ ಕಾನ್ಸುಲೇಟಿನಲ್ಲಿ; ವೈದ್ಯಕೀಯ ತಪಾಸಣೆಯನ್ನು ಅವರು ನಿಗದಿಪಡಿಸಿದ ವೈದ್ಯರಲ್ಲೇ ಸಂದರ್ಶನಕ್ಕೆ ಮೊದಲು ಮುಗಿಸಿಕೊಳ್ಳಬೇಕು.

ಕಾನೂನುಬದ್ಧವಾಗಿ ಪ್ರವೇಶಿಸಿ ಈಗಾಗಲೇ ಅಮೆರಿಕದಲ್ಲಿರುವವರು ಮುಂಬೈಗೆ ಬರಬೇಕಿಲ್ಲ. ಪೌರರ ಸಂಗಾತಿಯಾದರೆ ಐ-130ರ ಜೊತೆಗೇ, ಅಲ್ಲಿದ್ದುಕೊಂಡೇ ಗ್ರೀನ್ ಕಾರ್ಡ್ ಕೋರುವ ಐ-485 ಸಲ್ಲಿಸಬಹುದು. ವೈದ್ಯಕೀಯ ವರದಿ ಐ-693 ಸಹ 2024ರ ಡಿಸೆಂಬರ್‌ನಿಂದ ಅದರೊಟ್ಟಿಗೇ ಹೋಗಬೇಕು. ಅರ್ಜಿ ಬಾಕಿಯಿರುವಾಗ ಅಡ್ವಾನ್ಸ್ ಪೆರೋಲ್ (ಹೋಗಿ ಮರಳಿ ಬರಲು ಮುಂಚೆಯೇ ಪಡೆಯುವ ಅನುಮತಿ) ಇಲ್ಲದೆ ದೇಶ ಬಿಟ್ಟರೆ ಅರ್ಜಿಯನ್ನು ಕೈಬಿಟ್ಟಂತಾಗುತ್ತದೆ. ಎಚ್-1ಬಿ, ಎಲ್-1 ಉದ್ಯೋಗ ವೀಸಾದಲ್ಲಿರುವವರಿಗೆ ಮತ್ತು ಅವರ ಅವಲಂಬಿತರಿಗೆ ಇದರಿಂದ ವಿನಾಯಿತಿಯಿದೆ, ಆದರೆ ಅದೇ ವೀಸಾದಲ್ಲಿ ಮರಳಿ ಬರಬೇಕು.

ಅಮೆರಿಕ ಪ್ರವೇಶಿಸುವ ದಿನ ಮದುವೆಗೆ ಎರಡು ವರ್ಷ ತುಂಬಿರದಿದ್ದರೆ ಸಿಗುವುದು ಎರಡೇ ವರ್ಷದ ಷರತ್ತಿನ ಕಾರ್ಡ್. ವಾರ್ಷಿಕೋತ್ಸವ ಕೆಲವೇ ವಾರ ದೂರವಿದ್ದು ವೀಸಾ ಅವಧಿ ಉಳಿದಿದ್ದರೆ, ಅದು ಕಳೆದ ಮೇಲೆ ಹೊರಡುವುದು ಲಾಭ. ಹತ್ತು ವರ್ಷದ ಕಾರ್ಡೇ ಬರುತ್ತದೆ. ಪ್ರವೇಶದ್ವಾರದ ಅಧಿಕಾರಿಗೆ ಮಾತ್ರ ಇದನ್ನು ನೆನಪಿಸಬೇಕು. ಷರತ್ತಿನ ಕಾರ್ಡ್ ಇರುವವರು ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳೊಳಗೆ ಷರತ್ತು ತೆಗೆಯಲು ಕೋರಿ ಇಬ್ಬರೂ ಸಹಿ ಮಾಡಿದ ಐ-751 ಸಲ್ಲಿಸಬೇಕು, ಜಂಟಿ ಜೀವನದ ಪುರಾವೆಗಳನ್ನು ಮತ್ತೆ ಲಗತ್ತಿಸಬೇಕು. ಗಂಡ ಸಹಿ ಹಾಕುವುದಿಲ್ಲ ಎಂದು ಬೆದರಿಸುವ ಸಂದರ್ಭಗಳೂ ಇವೆ. ಮದುವೆ ಸದುದ್ದೇಶದ್ದಾಗಿದ್ದು ವಿಚ್ಛೇದನವಾಗಿದ್ದರೆ ಅಥವಾ ಮನೆಯಲ್ಲಿ ಹಿಂಸೆ ನಡೆದಿದ್ದರೆ ವಿನಾಯಿತಿ ಕೋರಿ ಒಬ್ಬರೇ ಸಲ್ಲಿಸಬಹುದು, 90 ದಿನಗಳ ಗಡುವಿಗೆ ಕಾಯಬೇಕಾಗಿಯೂ ಇಲ್ಲ. ಕಾರ್ಡೇ ಇನ್ನೂ ಬಾರದ ಸಂಗಾತಿಗೆ, ಹಿಂಸೆಯ ಪ್ರಕರಣದಲ್ಲಿ ಗಂಡನಿಗೆ ತಿಳಿಸದೆ ಸ್ವತಃ ಸಲ್ಲಿಸುವ ಐ-360 ಅರ್ಜಿಯಿದೆ. ಇಂಥ ಸ್ಥಿತಿಯಲ್ಲಿ ನಮೂನೆ ತುಂಬಿಕೊಡುವ ಏಜೆಂಟರ ಬಳಿ ಹೋಗದೆ ವಲಸೆ ವಕೀಲರನ್ನೇ ಕಾಣಬೇಕು. ಅದಕ್ಕಾಗಿಯೇ ಪಾಸ್‌ಪೋರ್ಟ್, ವಿವಾಹ ನೋಂದಣಿ, ಸಲ್ಲಿಸಿದ ಪ್ರತಿಯೊಂದು ಅರ್ಜಿಯ ಪ್ರತಿ ಮತ್ತು ಯುಎಸ್‌ಸಿಐಎಸ್ ಖಾತೆಯ ಪಾಸ್‌ವರ್ಡ್ ಮೊದಲ ದಿನದಿಂದಲೇ ಬರುವವರ ಕೈಯಲ್ಲೂ ಇರಲಿ.